ಹಿಮದ ಮೇಲೆ ಹಳೇ ಕಾರು, ನಡುಗುವ ಗೂಢಚಾರ

ಒಂದು ಫೋಟೋ. ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ. ಬೆಳ್ಳಿ ಬಣ್ಣದ ಆಸ್ಟನ್ ಮಾರ್ಟಿನ್ ಡಿಬಿ5 ಕಾರು. ಪಕ್ಕದಲ್ಲಿ ಬೋ ಟೈ ಕಟ್ಟಿದ ಗಂಡಸು, ತೋಳಿಲ್ಲದ ಗೌನಿನ ಹೆಣ್ಣು. ಕೆಳಗೆ ಒಂದು ಸಾಲು: 'ಥೇಟ್ ಜೇಮ್ಸ್ ಬಾಂಡ್ ಸಿನಿಮಾ!'

ಥೇಟ್ ಯಾವುದು ಸ್ವಾಮೀ? 1964ರ ಬಾಂಡ್ ಸಿನಿಮಾ 'ಗೋಲ್ಡ್‌ಫಿಂಗರ್'ನಲ್ಲಿ ಈ ಕಾರು ಫುರ್ಕಾ ಪಾಸ್ ಎಂಬ ಸ್ವಿಸ್ ಬೆಟ್ಟದ ದಾರಿ ಹತ್ತಿದ್ದು ಬೇಸಿಗೆಯಲ್ಲಿ. ರಸ್ತೆ ಒಣಗಿತ್ತು, ಗುಡ್ಡ ಹಸಿರಾಗಿತ್ತು. ಬಾಂಡ್ ಆಗಿದ್ದ ಶಾನ್ ಕಾನರಿ ತೊಟ್ಟಿದ್ದು ಟ್ವೀಡ್ ಕೋಟು. ಅಲ್ಲಿನ ಹುಡುಗಿ ತನ್ನದೇ ಮಸ್ಟಾಂಗ್ ಕಾರು ಓಡಿಸಿಕೊಂಡು ಬಂದಿದ್ದಳು. ಪೋಸ್ ಕೊಡಲು ಅವಳಿಗೆ ಪುರುಸೊತ್ತೆಲ್ಲಿ, ಗುಂಡು ಹಾರಿಸುವ ಕೆಲಸವಿತ್ತು. ಇನ್ನು ಹಿಮ ಬಿದ್ದ ಮೇಲೆ 2,429 ಮೀಟರ್ ಎತ್ತರದ ಆ ದಾರಿಯನ್ನು ಚಳಿಗಾಲ ಪೂರ್ತಿ ಮುಚ್ಚಿಬಿಡುತ್ತಾರೆ. ಹಾಗಾಗಿ ಬೇರೆ ಯಾವುದೋ ಬೆಟ್ಟಕ್ಕೆ ಫುರ್ಕಾ ವೇಷ.

ಕಾರು ಓಡಿಕೊಂಡು ಬಂತು ಅಂದುಕೊಂಡಿರಾ? ಛೆ. ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿದಿರುತ್ತಾರೆ. ಉಪ್ಪು ತಾಗಿದರೆ ಹಳೇ ಕಾರಿನ ಉಕ್ಕಿನ ಚಾಸಿಗೆ ತುಕ್ಕು. ಅದಕ್ಕೇ ಮುಚ್ಚಿದ ಲಾರಿಯಲ್ಲಿ, ಹೊದಿಕೆ ಹೊದ್ದು, ಬಾಣಂತಿಯ ಹಾಗೆ ಬರುತ್ತದೆ. ಇಳಿಸಿದ ಮೇಲೆ ಒಬ್ಬ ಪೊರಕೆ ಹಿಡಿದು ಸುತ್ತಲಿನ ಹೆಜ್ಜೆ ಗುರುತು, ಟೈರಿನ ಗುರುತು ಎಲ್ಲ ಅಳಿಸುತ್ತಾನೆ. ಚಿತ್ರದಲ್ಲಿ ನೋಡಿದರೆ ಕಾರು ಆಕಾಶದಿಂದಲೇ ಉದುರಿದೆ!

ಆಮೇಲೆ ಫೋಟೋದ ಹುಡುಗಿಯ ಪಾಡು. ಬಾನೆಟ್ಟಿಗೆ ಒರಗಿದ ಹಾಗೆ ಕಾಣಬೇಕು, ಆದರೆ ಒರಗಬಾರದು. ಕಾರಿನ ಮೈಯೆಲ್ಲ ತೆಳ್ಳನೆಯ ಅಲ್ಯೂಮಿನಿಯಂ, ಒತ್ತಿದರೆ ತಗ್ಗು ಬೀಳುತ್ತದೆ. ಪಾಪ, ಅರ್ಧ ಕುಳಿತು, ಮಂಡಿ ನಡುಗಿಸುತ್ತಾ, ತುಟಿಯಲ್ಲಿ ನಗು. ಫೋಟೋಗ್ರಾಫರ್ ಮಾತ್ರ ದಪ್ಪ ಜಾಕೆಟ್, ಉಣ್ಣೆ ಟೊಪ್ಪಿಯಲ್ಲಿ ಬೆಚ್ಚಗಿದ್ದು 'ರಿಲ್ಯಾಕ್ಸ್, ರಿಲ್ಯಾಕ್ಸ್' ಅನ್ನುತ್ತಾನೆ. ಚಳಿಗೆ ಕ್ಯಾಮೆರಾದ ಬ್ಯಾಟರಿಯೂ ಬೇಗ ಸೋಲುತ್ತದೆ. ಅದನ್ನು ಜೇಬಿನೊಳಗೆ ಬೆಚ್ಚಗಿಡುತ್ತಾರೆ. ಹುಡುಗಿಗೆ ಆ ಭಾಗ್ಯವೂ ಇಲ್ಲ ನೋಡಿ.

ಹಿಮದ್ದು ಇನ್ನೊಂದು ತಕರಾರು. ಅಷ್ಟೊಂದು ಬಿಳಿ ಕಂಡರೆ ಬೆಳಕು ಅಳೆಯುವ ಕ್ಯಾಮೆರಾದ ಮೀಟರಿಗೆ ಗೊಂದಲ, ಹಿಮವನ್ನು ಬೂದಿ ಬಣ್ಣ ಮಾಡಿಬಿಡುತ್ತದೆ. ಸರಿ, ಕಂಪ್ಯೂಟರಿನಲ್ಲಿ ಹಿಮಕ್ಕೆ ಬಿಳುಪು, ನಾಯಕನ ಕೆಂಪು ಮೂಗಿಗೆ ಮನುಷ್ಯರ ಬಣ್ಣ.

ಇಷ್ಟರಲ್ಲಿ ನಿಜವಾದ ಸಾಹಸ ಮಾಡಿದವನು ಒಬ್ಬನೇ: ಟೈರಿಗೆ ಚೈನು ಕಟ್ಟಿ, ಆ ತಿರುವುಗಳಲ್ಲಿ ಲಾರಿ ಹತ್ತಿಸಿದ ಡ್ರೈವರ್. ಅವನಿಗೆ ಒಂದೇ ಸೂಚನೆ. ಲಾರಿಯನ್ನು ಇನ್ನೂ ಸ್ವಲ್ಪ ಹಿಂದಕ್ಕೆ ತಗೋಪ್ಪಾ, ಫ್ರೇಮಿನಲ್ಲಿ ಬರ್ತಾ ಇದೆ.