ಮೂರು ‘ತ್ತೇನೆ’, ಒಂದು ‘ಕೊಂದೆ’

ಇವತ್ತು ಮೂರನೇ ಪೀರಿಯಡ್‌ನಲ್ಲಿ ಕಂಡದ್ದನ್ನು ಬರೆಯದೇ ಇದ್ದರೆ ನನಗೆ ನಿದ್ದೆ ಬರುವುದಿಲ್ಲ. ಖುಷಿಯೂ ಇದೆ, ಸಿಟ್ಟೂ ಇದೆ. ಖುಷಿಯನ್ನು ಮೊದಲು ಹೇಳುತ್ತೇನೆ.

ಈ ವರ್ಷ ಹೊಸದಾಗಿ ಸೇರಿದ ಇಂಗ್ಲಿಷ್ ಟೀಚರ್ ಒಬ್ಬಳ ಕ್ಲಾಸಿನಲ್ಲಿ ಕೂತು, ನೋಡಿ, ವರದಿ ಬರೆದುಕೊಡಿ ಎಂದಿದ್ದರು. ಹತ್ತನೇ ತರಗತಿ, ಐಸಿಎಸ್‌ಇ. ಪಾಠ ಶೇಕ್ಸ್‌ಪಿಯರ್‌ನ ಜೂಲಿಯಸ್ ಸೀಸರ್ ನಾಟಕ, ಮೂರನೇ ಅಂಕದ ಎರಡನೇ ದೃಶ್ಯ. ಸೀಸರ್ ಸತ್ತಾಗಿದೆ. ಬ್ರೂಟಸ್ ಜನರ ಮುಂದೆ ನಿಂತು, ಗೆಳೆಯನನ್ನೇ ಯಾಕೆ ಕೊಂದೆ ಎಂದು ಹೇಳಬೇಕು. ನಾನು ನೋಟ್‌ಬುಕ್ ತೆರೆದು ಹಿಂದಿನ ಬೆಂಚಿನಲ್ಲಿ ಕೂತೆ.

ಆ ಟೀಚರ್ ಹುಡುಗಿ ಬ್ರೂಟಸ್‌ನ ಮಾತನ್ನು ಒಂದು ಸಲ ಜೋರಾಗಿ ಓದಿದಳು: ಸೀಸರ್‌ನ ಪ್ರೀತಿಗೆ ಅಳು, ಅದೃಷ್ಟಕ್ಕೆ ಹಿಗ್ಗು, ಶೌರ್ಯಕ್ಕೆ ಗೌರವ, ಅಧಿಕಾರದಾಸೆಗೆ ಸಾವು. ಆಮೇಲೆ ಏನೂ ವಿವರಿಸದೆ ಬೋರ್ಡಿನ ಮೇಲೆ ನಾಲ್ಕೇ ನಾಲ್ಕು ಪದ ಬರೆದಳು. ವೀಪ್. ರಿಜಾಯ್ಸ್. ಆನರ್. ಸ್ಲೂ. ‘ಇದರಲ್ಲಿ ಗುಂಪಿಗೆ ಸೇರದ್ದು ಯಾವುದು?’

ಮುಂದಿನ ಬೆಂಚಿನ ಮಕ್ಕಳು ಥಟ್ಟನೆ ಹೇಳಿದರು. ಕೊನೆಯದು ಮಿಸ್, ಅದು ಪಾಸ್ಟ್ ಟೆನ್ಸ್. ‘ಸರಿ. ಯಾಕೆ?’ ಅಂದಳು. ಯಾರೂ ಮಾತಾಡಲಿಲ್ಲ. ಆಗ ಅವಳು ಒಂದೊಂದು ಪದದ ಪಕ್ಕದಲ್ಲೂ ಕನ್ನಡ ಬರೆದಳು. ಅಳುತ್ತೇನೆ. ಹಿಗ್ಗುತ್ತೇನೆ. ಗೌರವಿಸುತ್ತೇನೆ. ಕೊಂದೆ.

ನಾನು ಈ ನಾಟಕವನ್ನು ಎಷ್ಟು ಸಲ ಪಾಠ ಮಾಡಿದ್ದೇನೆ ಎಂದು ನಿಮಗೆಲ್ಲ ಗೊತ್ತು. ಆದರೂ ಆ ‘ಕೊಂದೆ’ ನೋಡಿ ಮೈ ಜುಮ್ಮೆಂದಿತು. ಮೂರು ‘ತ್ತೇನೆ’ ಆದಮೇಲೆ ಒಂದೇ ಒಂದು ಚಿಕ್ಕ ಪದ. ಅಳು ಈಗಲೂ ಇದೆ, ಹಿಗ್ಗು ಈಗಲೂ ಇದೆ, ಗೌರವ ಈಗಲೂ ಇದೆ. ಕೊಲೆ ಮಾತ್ರ ಆಗಿಹೋಗಿದೆ. ಕಿಟಕಿ ಪಕ್ಕದ ಹುಡುಗನೊಬ್ಬ ಮೆಲ್ಲಗೆ ಹೇಳಿದ: ‘ಅದನ್ನ ಇನ್ನು ವಾಪಸ್ ತಗೊಳ್ಳೋಕಾಗಲ್ಲ ಮಿಸ್.’

ಇದು ವ್ಯಾಕರಣವೋ ಸಾಹಿತ್ಯವೋ? ನೀವೇ ಹೇಳಿ.

ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. ಪುಸ್ತಕದಲ್ಲಿ ಹಿಂದಕ್ಕೆ ಹೋಗಿ ಎಂದಳು. ಎರಡನೇ ಅಂಕ, ಮೊದಲ ದೃಶ್ಯ. ಬ್ರೂಟಸ್ ರಾತ್ರಿ ತೋಟದಲ್ಲಿ ಒಬ್ಬನೇ ಯೋಚನೆ ಮಾಡುತ್ತಿರುತ್ತಾನೆ. ಸೀಸರ್ ಇವತ್ತಿನವರೆಗೂ ಅಂಥ ತಪ್ಪೇನೂ ಮಾಡಿಲ್ಲ ಎಂದು ಅವನೇ ಒಪ್ಪಿಕೊಳ್ಳುತ್ತಾನೆ. ಆದರೆ ತಲೆಗೆ ಕಿರೀಟ ಬಂದರೆ? ಅಲ್ಲಿ ಬರುವ ಪದ ‘ಮೇ’. ಮಕ್ಕಳು ಹುಡುಕಿ ಅಡಿಗೆರೆ ಹಾಕಿದರು. ಸೀಸರ್ ಹಾಗೆ ಮಾಡಬಹುದು, ಮಾಡುವ ಮೊದಲೇ ತಡೆಯಬೇಕು, ಇಷ್ಟೇ ಅವನ ತರ್ಕ. ‘ಇದಕ್ಕೆ ನಿಮ್ಮ ಕನ್ನಡ ವ್ಯಾಕರಣದಲ್ಲಿ ಏನಂತಾರೆ?’ ಎಂದು ಕೇಳಿದಳು. ಕನ್ನಡ ಎರಡನೇ ಭಾಷೆಯಾಗಿರುವ ಮಕ್ಕಳು ನಾಲ್ಕೈದು ಜನ ಒಟ್ಟಿಗೇ ಕೂಗಿದರು: ಸಂಭಾವನಾರ್ಥಕ! ಬಂದಾನು, ಹೋದಾನು, ಮಾಡಿಯಾನು. ‘ಹಾಗಾದರೆ ಬ್ರೂಟಸ್ ಕನ್ನಡದಲ್ಲಿ ಏನು ಹೇಳಬೇಕು?’ ‘ಸೀಸರ್ ಬದಲಾದಾನು ಮಿಸ್.’

ಮತ್ತೆ ಮೂರನೇ ಅಂಕಕ್ಕೆ ಬನ್ನಿ ಎಂದಳು. ಈಗ ಅದೇ ಬ್ರೂಟಸ್ ಜನರಿಗೆ ಹೇಳುತ್ತಿರುವುದು ‘ವಾಸ್ ಆಂಬಿಷಿಯಸ್’. ಅವನಿಗೆ ಅಧಿಕಾರದಾಸೆ ಇತ್ತು. ರಾತ್ರಿ ತೋಟದಲ್ಲಿ ‘ಮೇ’ ಆಗಿದ್ದದ್ದು ಹಗಲು ಚೌಕದಲ್ಲಿ ‘ವಾಸ್’ ಆಯಿತು. ನಡುವೆ ಏನು ನಡೆಯಿತು? ಸೀಸರ್ ಹೊಸದಾಗಿ ಏನಾದರೂ ಮಾಡಿದನಾ? ಮಾಡಲಿಲ್ಲ, ಸತ್ತ, ಅಷ್ಟೇ. ಇಡೀ ದುರಂತ ಈ ಎರಡು ಚಿಕ್ಕ ಕ್ರಿಯಾಪದಗಳ ನಡುವೆ ಬಿದ್ದಿದೆ. ಹದಿನೈದು ವರ್ಷದ ಮಕ್ಕಳು ಅದನ್ನು ತಾವಾಗಿ ಕಂಡರು. ಬೆಲ್ ಹೊಡೆದಾಗ ಯಾರೂ ಚೀಲಕ್ಕೆ ಕೈ ಹಾಕಲಿಲ್ಲ.

ಈಗ ಸಿಟ್ಟಿನ ವಿಷಯ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಆ ಹುಡುಗಿ ಮುಖ ಸಪ್ಪಗೆ ಮಾಡಿಕೊಂಡು ಕೂತಿದ್ದಳು. ಅವಳ ಲೆಸನ್ ಪ್ಲಾನ್ ವಾಪಸ್ ಬಂದಿತ್ತು. ಕೆಂಪು ಇಂಕಿನಲ್ಲಿ ಒಂದು ಸಾಲು. ಲಿಟರೇಚರ್ ಪೀರಿಯಡ್‌ನಲ್ಲಿ ಗ್ರಾಮರ್ ಬೇಡ, ಗ್ರಾಮರ್‌ಗೆ ಶನಿವಾರದ ಪೀರಿಯಡ್ ಇದೆ, ಪೋರ್ಷನ್ ಹಿಂದೆ ಬಿದ್ದಿದೆ. ಕ್ಲಾಸಿನಲ್ಲಿ ಕೂತು ನೋಡದವರು ಬರೆದ ಸಾಲು ಅದು. ‘ನಾನು ತಪ್ಪು ಮಾಡಿದ್ನಾ ಮೇಡಂ?’ ಎಂದು ನನ್ನನ್ನು ಕೇಳಿದಳು. ನನಗೆ ತಡೆದುಕೊಳ್ಳಲು ಆಗಲಿಲ್ಲ.

ಶನಿವಾರದ ಪೀರಿಯಡ್‌ನಲ್ಲಿ ಏನು ನಡೆಯುತ್ತದೆ ಎಂದು ನನಗೆ ಗೊತ್ತು. ವರ್ಕ್‌ಬುಕ್ ತೆಗೆಯುತ್ತಾರೆ. ಖಾಲಿ ಬಿಟ್ಟ ಜಾಗ, ಪಕ್ಕದಲ್ಲಿ ಆವರಣದಲ್ಲಿ ಒಂದು ಕ್ರಿಯಾಪದ. ರವಿ ನಿನ್ನೆ ಮಾರ್ಕೆಟ್‌ಗೆ ಡ್ಯಾಶ್. ರವಿ ಯಾರು, ಮಾರ್ಕೆಟ್‌ಗೆ ಯಾಕೆ ಹೋದ, ಹೋಗದಿದ್ದರೆ ಏನಾಗುತ್ತಿತ್ತು, ಯಾರಿಗೂ ಬೇಕಾಗಿಲ್ಲ. ಮಕ್ಕಳು ‘ವೆಂಟ್’ ಬರೆಯುತ್ತಾರೆ, ಟಿಕ್ ಬೀಳುತ್ತದೆ, ಸೋಮವಾರಕ್ಕೆ ಮರೆತುಹೋಗುತ್ತದೆ. ಬುಧವಾರ ಬೇರೆ ಪುಸ್ತಕ ತೆಗೆದು ಶೇಕ್ಸ್‌ಪಿಯರ್ ಓದುತ್ತಾರೆ. ಅಲ್ಲಿ ಕ್ರಿಯಾಪದ ಇದೆ ಎನ್ನುವುದೇ ನೆನಪಾಗುವುದಿಲ್ಲ. ಒಂದೇ ಭಾಷೆಯನ್ನು ಎರಡು ದಿನಕ್ಕೆ, ಎರಡು ನೋಟ್‌ಬುಕ್‌ಗೆ ಹಂಚಿಟ್ಟುಬಿಟ್ಟಿದ್ದೇವೆ.

ಪರೀಕ್ಷೆ ಹಾಗಿದೆ ಎನ್ನುತ್ತಾರೆ. ಹೌದು, ಪೇಪರ್ ಒಂದು ಭಾಷೆಗೆ, ಪೇಪರ್ ಎರಡು ಸಾಹಿತ್ಯಕ್ಕೆ. ತಲಾ 80 ಅಂಕ. ಮೊದಲ ಪೇಪರ್‌ನಲ್ಲಿ ವ್ಯಾಕರಣಕ್ಕೆ 20 ಅಂಕ, ಅದರಲ್ಲಿ ಆವರಣದ ಪದವನ್ನು ಸರಿಯಾದ ರೂಪದಲ್ಲಿ ಬರೆಯುವುದಕ್ಕೆ 4. ಪೇಪರ್ ಎರಡಿದೆ ಎಂದ ಮಾತ್ರಕ್ಕೆ ಮಕ್ಕಳ ತಲೆಯನ್ನೂ ಎರಡು ಮಾಡಬೇಕಾ? ಇವತ್ತು ಆ ಕ್ಲಾಸಿನಲ್ಲಿ ಕೂತಿದ್ದ ಯಾವ ಮಗುವೂ ‘ಸ್ಲೇ’ ಭೂತಕಾಲದಲ್ಲಿ ‘ಸ್ಲೂ’ ಆಗುತ್ತದೆ ಎನ್ನುವುದನ್ನು ಜನ್ಮದಲ್ಲಿ ಮರೆಯುವುದಿಲ್ಲ. ಆ ಪದದ ಕೆಳಗೆ ಒಂದು ಹೆಣ ಬಿದ್ದಿದೆಯಲ್ಲ, ಹೇಗೆ ಮರೆಯುತ್ತಾರೆ?

ನನ್ನ ವಿಷಯವನ್ನೂ ಹೇಳಿಬಿಡುತ್ತೇನೆ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಹೈಸ್ಕೂಲಿನಲ್ಲಿ ಡೂ-ಡಿಡ್-ಡನ್, ಗೋ-ವೆಂಟ್-ಗಾನ್ ಎಂದು ಮಗ್ಗಿ ಥರ ಹಾಡಿ ಕಲಿತೆ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಬಿಎಗೆ ಬಂದಾಗ ಮ್ಯಾಕ್‌ಬೆತ್ ಇತ್ತು. ರಾಜನನ್ನು ಕೊಲ್ಲುವ ಮೊದಲು ಮ್ಯಾಕ್‌ಬೆತ್ ತನ್ನಷ್ಟಕ್ಕೆ ಆಡುವ ಮಾತಿನ ಶುರುವಿನಲ್ಲೇ ‘ಡನ್’ ಮೂರು ಸಲ ಬರುತ್ತದೆ. ಮೂರೂ ನನಗೆ ಗೊತ್ತಿದ್ದ ಪದವೇ. ಅರ್ಥ ಮಾತ್ರ ಆಗಲಿಲ್ಲ. ಗೈಡ್ ನೋಡಿ ಬಾಯಿಪಾಠ ಮಾಡಿದೆ. ಹಾಸ್ಟೆಲ್‌ನಲ್ಲಿ ಕೂತು ಅತ್ತಿದ್ದೂ ಇದೆ, ನನಗೆ ಇಂಗ್ಲಿಷ್ ಬರುವುದೇ ಇಲ್ಲ ಎಂದು. ಕೊನೆಗೆ ನಮ್ಮ ಮೇಷ್ಟ್ರು ಒಂದು ದಿನ ಅದನ್ನು ಕನ್ನಡದಲ್ಲಿ ಹೇಳಿದರು: ‘ಮಾಡಿದ ಕೂಡಲೇ ಅದು ಮುಗಿದೇ ಹೋಗುವ ಹಾಗಿದ್ದರೆ, ಬೇಗ ಮಾಡಿ ಮುಗಿಸುವುದೇ ಒಳ್ಳೆಯದಿತ್ತು.’ ಮಾಡುವುದು ಬೇರೆ, ಮುಗಿಯುವುದು ಬೇರೆ. ಇಂಗ್ಲಿಷ್ ಎರಡಕ್ಕೂ ಒಂದೇ ಪದ ಇಟ್ಟಿದೆ, ಮ್ಯಾಕ್‌ಬೆತ್ ಅದರಲ್ಲೇ ಸಿಕ್ಕಿಹಾಕಿಕೊಂಡಿದ್ದಾನೆ. ಮುಂದೆ ಅವನ ಹೆಂಡತಿ, ಆದದ್ದು ಆಯಿತು ಬಿಡು ಎನ್ನುತ್ತಾಳೆ. ಕೊನೆಯ ಅಂಕದಲ್ಲಿ ನಿದ್ದೆಗಣ್ಣಲ್ಲಿ ನಡೆಯುತ್ತಾ ಅವಳೇ, ಆದದ್ದನ್ನು ಇಲ್ಲವಾಗಿಸಲು ಆಗದು ಎನ್ನುತ್ತಾಳೆ. ಅದೇ ‘ಡನ್’. ಅಷ್ಟು ವರ್ಷ ಮಗ್ಗಿ ಹೇಳಿದ್ದ ಪದ ಅವತ್ತು ನನಗೆ ಮೊದಲ ಸಲ ಕೇಳಿಸಿತು.

ಹತ್ತನೇ ಕ್ಲಾಸಿನಲ್ಲೇ ಯಾರಾದರೂ ಹೀಗೆ ತೋರಿಸಿದ್ದರೆ ನಾನು ಅಷ್ಟು ವರ್ಷ ಹೆದರುತ್ತಿರಲಿಲ್ಲ.

ಕೆಲವರು ಹೇಳುವುದು ಬೇರೆ. ಕವಿತೆಯನ್ನು ವ್ಯಾಕರಣಕ್ಕೆ ಕುಯ್ದರೆ ರಸ ಹೋಗುತ್ತದೆ ಅಂತ. ಇದರಲ್ಲಿ ಸ್ವಲ್ಪ ನಿಜ ಇದೆ, ಯಾಕೆಂದರೆ ನಾನೂ ಹಾಗೆ ಕುಯ್ದಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಇದೇ ನಾಟಕದಲ್ಲಿ ಬ್ರೂಟಸ್ ಆದಮೇಲೆ ಸೀಸರ್‌ನ ಗೆಳೆಯ ಆಂಟನಿ ಮಾಡುವ ಭಾಷಣ ಕೊಟ್ಟು ‘ಎಲ್ಲ ಕ್ರಿಯಾಪದಕ್ಕೂ ಗೆರೆ ಎಳೆಯಿರಿ’ ಎಂದಿದ್ದೆ. ಮಕ್ಕಳು ಎಳೆದರು, ಎಣಿಸಿದರು, ಮುಚ್ಚಿಟ್ಟರು. ಅದು ನನ್ನ ತಪ್ಪು, ಇವತ್ತಿಗೂ ನೆನೆಸಿಕೊಂಡರೆ ಬೇಸರವಾಗುತ್ತದೆ. ಆದರೆ ಈ ಹುಡುಗಿ ಎಲ್ಲ ಕ್ರಿಯಾಪದಕ್ಕೂ ಗೆರೆ ಎಳೆಸಲಿಲ್ಲ. ಯಾವ ಪದದ ಮೇಲೆ ಮನುಷ್ಯನ ಬದುಕು ನಿಂತಿದೆಯೋ ಅದನ್ನು ಮಾತ್ರ ಎತ್ತಿಕೊಂಡಳು. ರಸ ಹೋಗಲಿಲ್ಲ, ಜಾಸ್ತಿಯಾಯಿತು. ಕಿಟಕಿ ಪಕ್ಕದ ಹುಡುಗನನ್ನು ಕೇಳಿ ಬೇಕಾದರೆ.

ಹಳೇ ಇಂಗ್ಲಿಷ್ ಕಲಿಸಿದರೆ ಪರೀಕ್ಷೆಯಲ್ಲಿ ಹ್ಯಾಸ್, ಡಸ್ ಬದಲು ‘ಹ್ಯಾತ್’ ‘ಡೋತ್’ ಬರೆದುಬಿಡುತ್ತಾರೆ ಎನ್ನುವ ಹೆದರಿಕೆ ಇನ್ನೊಂದು. ಹಳಗನ್ನಡ ಪದ್ಯ ಓದಿದ ಯಾವ ಮಗುವಾದರೂ ರಜಾ ಚೀಟಿಯಲ್ಲಿ ‘ಊರ್ಗೆ ಪೋದೆಂ’ ಎಂದು ಬರೆದದ್ದುಂಟಾ? ಮಕ್ಕಳಿಗೆ ಗೊತ್ತಾಗುತ್ತದೆ. ಅವರನ್ನು ಇಷ್ಟು ಕಡಿಮೆ ಲೆಕ್ಕ ಹಾಕಬೇಡಿ.

ಶೇಕ್ಸ್‌ಪಿಯರ್ ಕಾಲದ ಇಂಗ್ಲೆಂಡಿನಲ್ಲಿ ಶಾಲೆಯ ಹೆಸರೇ ಗ್ರಾಮರ್ ಸ್ಕೂಲ್. ಅಲ್ಲಿನ ಹುಡುಗರು ಲ್ಯಾಟಿನ್ ಕ್ರಿಯಾಪದದ ರೂಪಗಳನ್ನೂ ಲ್ಯಾಟಿನ್ ಕವಿಗಳನ್ನೂ ಒಟ್ಟಿಗೇ ಅರೆದು ಕುಡಿದವರು. ವ್ಯಾಕರಣ ಕಲಿತದ್ದೇ ಚೆನ್ನಾಗಿ ಮಾತಾಡಲು, ಬರೆಯಲು. ಅಂಥ ಕಾಲದವನು 1599ರ ಹೊತ್ತಿಗೆ ಬರೆದ ನಾಟಕದಿಂದ ನಾವು ವ್ಯಾಕರಣವನ್ನು ಹೊರಗೆ ಹಾಕುತ್ತೇವೆ, ಪೋರ್ಷನ್ ಮುಗಿಯಲಿ ಎಂದು.

ಕಳೆದ ವಾರದ ಒಂದು ಚಿಕ್ಕ ಸಂಗತಿ ಅವಳೇ ಹೇಳಿದಳು. ಸೀಸರ್‌ನ ಹೆಂಡತಿ ಕಾಲ್ಪರ್ನಿಯಾ ಗಂಡನನ್ನು ತಡೆಯುವ ಸಾಲಿನಲ್ಲಿ ‘ಶಲ್ ನಾಟ್’ ಇದೆ. ಅದು ಭವಿಷ್ಯತ್ ಕಾಲವೋ, ಆಜ್ಞೆಯೋ ಎಂದು ಮಕ್ಕಳು ಜಗಳ ಆಡಿದರಂತೆ. ಒಬ್ಬಳು ಎದ್ದು, ‘ನಮ್ಮಜ್ಜಿ ಸಿಟ್ಟು ಬಂದಾಗ ಹೋಗಬೇಡ ಅನ್ನಲ್ಲ ಮಿಸ್, ನೀನು ಇವತ್ತು ಎಲ್ಲಿಗೂ ಹೋಗಲ್ಲ ಅಂತಾರೆ’ ಎಂದಳಂತೆ. ಎಷ್ಟು ಸರಿಯಾಗಿ ಹಿಡಿದಿದ್ದಾಳೆ ನೋಡಿ! ಬೇಡ ಎಂದರೆ ಎದುರು ಮಾತಾಡಬಹುದು. ಹೋಗಲ್ಲ ಎಂದರೆ ಮಾತು ಮುಗಿಯಿತು. ಸೀಸರ್ ಅದಕ್ಕೂ ಎದುರಾಗಿ ತನ್ನದೇ ಒಂದು ‘ಶಲ್’ ಹೇಳಿ ಹೊರಟ.

ನನ್ನ ವರದಿಯಲ್ಲಿ ಇದನ್ನೆಲ್ಲ ಬರೆದಿದ್ದೇನೆ, ಎರಡೂವರೆ ಪುಟ. ಕೆಂಪು ಇಂಕಿನ ಸಾಲಿಗೆ ನನ್ನ ಒಪ್ಪಿಗೆ ಇಲ್ಲ ಎಂದೂ ಬರೆದು ಸಹಿ ಹಾಕಿದ್ದೇನೆ. ಸೋಮವಾರ ಕರೆಯುತ್ತಾರೆ. ಕರೆಯಲಿ.

ಗುರುವಾರ ಅವಳು ಆಂಟನಿಯ ಭಾಷಣ ಮಾಡಬೇಕು. ಬ್ರೂಟಸ್‌ನ ‘ವಾಸ್’ ಅನ್ನು ಆಂಟನಿ ‘ಇಫ್ ಇಟ್ ವರ್ ಸೋ’, ಹಾಗಿದ್ದದ್ದೇ ಆದರೆ, ಎಂದು ಒಂದೇ ಉಸಿರಿನಲ್ಲಿ ಅಲುಗಾಡಿಸುವ ಜಾಗ. ನಲವತ್ತು ನಿಮಿಷ ಸಾಲುವುದಿಲ್ಲ ಮೇಡಂ ಎಂದಳು. ಆ ದಿನ ಅದೇ ಕ್ಲಾಸಿಗೆ ನನ್ನದೂ ಒಂದು ಪೀರಿಯಡ್ ಇದೆ. ತಗೋ ಎಂದು ಕೊಟ್ಟಿದ್ದೇನೆ. ಹಿಂದಿನ ಬೆಂಚಿನಲ್ಲಿ ನನಗೆ ಜಾಗ ಇಟ್ಟಿರು ಎಂದಿದ್ದೇನೆ.