ಬಾಡಿಗೆ ಲಂಗ

ನಾನಿರುವುದು ಅಮೆರಿಕದ ಇಂಡಿಯಾನಾ ರಾಜ್ಯದ ಒಂದು ವಿಶ್ವವಿದ್ಯಾಲಯದ ಊರಲ್ಲಿ. ಹುಟ್ಟಿ ಬೆಳೆದದ್ದು, ಓದಿದ್ದು ಎಲ್ಲ ದಾವಣಗೆರೆ. ಅಮೆರಿಕದಲ್ಲಿ 2000ದಿಂದ ಅಂತರರಾಷ್ಟ್ರೀಯ ಶಿಕ್ಷಣ ಸಪ್ತಾಹ ಅಂತ ಮಾಡುತ್ತಾರೆ. ಆ ವಾರ, ನವೆಂಬರಿನ ಚಳಿಯಲ್ಲಿ, ನಮ್ಮೂರ ಕ್ಯಾಂಪಸ್ಸಿನಲ್ಲಿ ದೇಶದೇಶದ ಹುಡುಗರ ಮೆರವಣಿಗೆ ಹೊರಡುತ್ತದೆ. ಸಾಲು ಇಂಗ್ಲಿಷ್ ಅಕ್ಷರಗಳ ಲೆಕ್ಕದಲ್ಲಿ. ಹಾಗಾಗಿ ನಮ್ಮ ಮುಂದೆ ಐಸ್‌ಲ್ಯಾಂಡ್, ಹಿಂದೆ ಇಂಡೋನೇಷ್ಯಾ. ಹೋದ ಸಲ ಐಸ್‌ಲ್ಯಾಂಡಿಗೆ ಒಬ್ಬಳೇ ಹುಡುಗಿ. ಬಾವುಟ ಹಿಡಿಯುವವಳೂ ಅವಳೇ, ಕೈ ಬೀಸುವವಳೂ ಅವಳೇ. ಅವಳ ಬೆನ್ನಿಗೇ ನಾವು ನೂರಾರು ಜನ, ಭಾಂಗ್ಡಾ, ಸ್ಪೀಕರು, ಗದ್ದಲ. ಪಾಪ ಅನಿಸಿತು.

ನಾನು ಪಂಚೆ ಉಟ್ಟು ಕೆಂಪು ಹಳದಿ ಶಾಲು ಹೊದ್ದು ಹೋಗಿದ್ದೆ. ಸಾಲು ನೋಡಿಕೊಳ್ಳುತ್ತಿದ್ದ ದೆಹಲಿ ಕಡೆಯ ಹುಡುಗ, ‘ಅಂಕಲ್, ದೇಶಕ್ಕೆ ಒಂದೇ ಬಾವುಟ’ ಅಂದ. ‘ಬಾವುಟ ಅಲ್ಲಪ್ಪ, ಚಳಿಗೆ ಹೊದ್ದಿದೀನಿ’ ಅಂದೆ. ಅರ್ಧ ನಿಜವೇ. ಪಂಚೆಯೊಳಗೆ ಮೊಣಕಾಲು ನಡುಗುತ್ತಿದ್ದವು. ಆದರೂ ಇಷ್ಟು ದೊಡ್ಡ ದೇಶ ಅಂದರೆ ಭಾಂಗ್ಡಾ ಒಂದೇನಾ?

ನನಗೆ ಇಷ್ಟವಾಗುವುದು ಮೆರವಣಿಗೆ ಮುಗಿದ ಮೇಲಿನ ಹೊತ್ತು. ಒಂದೊಂದು ದೇಶಕ್ಕೂ ಒಂದು ಟೇಬಲ್ ಇರುತ್ತದೆ. ನಾನು ಒಗ್ಗರಣೆ ಹಾಕಿದ ಮಂಡಕ್ಕಿ ಇಟ್ಟಿದ್ದೆ, ಇದು ನಮ್ಮ ದಾವಣಗೆರೆಯದ್ದು ಅಂತ ಜಂಬ ಬೇರೆ. ಬಾಂಗ್ಲಾದೇಶದ ಹುಡುಗನೊಬ್ಬ ಒಂದು ಹಿಡಿ ಬಾಯಿಗೆ ಹಾಕಿಕೊಂಡು, ‘ಅರೆ, ಇದು ಮುರಿ! ಸಾಸಿವೆ ಎಣ್ಣೆ ಎಲ್ಲಿ?’ ಅಂದ. ಜಂಬ ಇಳಿಯಿತು. ಆಮೇಲೆ ಅರ್ಧ ಗಂಟೆ ಇಬ್ಬರೂ ಮಂಡಕ್ಕಿ ಬಗ್ಗೆಯೇ ಮಾತಾಡಿದೆವು. ಅಲ್ಲಿ ಯಾರ ಬಟ್ಟೆಯ ಬಗ್ಗೆ ಕೇಳಿದರೂ ಅವರು ಹೇಳುತ್ತಾರೆ. ಅದು ಅವರದೇ ಬಟ್ಟೆ, ಅಲ್ವಾ.

ನಮ್ಮ ಕಾಲೇಜಿನ ಎಥ್ನಿಕ್ ಡೇ ನೆನಪಾಗುವುದು ಇಲ್ಲೇ. ತೊಂಬತ್ತರ ದಶಕದ ಕೊನೆ. ನಮ್ಮ ಕ್ಲಾಸಿನ ಹುಡುಗಿಯರು ಫ್ಯಾನ್ಸಿ ಡ್ರೆಸ್ ಅಂಗಡಿಯಿಂದ ಲಂಬಾಣಿ ಉಡುಪು ಬಾಡಿಗೆಗೆ ತಂದರು. ಗಾಜಿನ ಕನ್ನಡಿ ಅಲ್ಲ, ಅಂಟು ಹಾಕಿ ಮೆತ್ತಿದ ಪ್ಲಾಸ್ಟಿಕ್ ಬಿಲ್ಲೆ. ಕುಣಿದ ಕಡೆಯಲ್ಲೆಲ್ಲ ಉದುರುತ್ತಿದ್ದವು. ಮೊದಲ ಬಹುಮಾನವೂ ಅವರಿಗೇ ಬಂತು. ಚಪ್ಪಾಳೆ ಹೊಡೆದವರಲ್ಲಿ ನ್ಯಾಮತಿ ಕಡೆಯ ಲಂಬಾಣಿ ತಾಂಡಾದಿಂದ ಬಂದಿದ್ದ ನನ್ನ ಗೆಳೆಯನೂ ಇದ್ದ. ಅವನು ಹಾಕಿದ್ದು ಜೀನ್ಸ್. ಲಂಬಾಣಿಗರ ಗುರು ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವುದೂ ಆ ಕಡೆಯೇ. ಹಾಸ್ಟೆಲಿನಲ್ಲಿ ಮನೆಯಿಂದ ಫೋನ್ ಬಂದರೆ ಅವನು ದನಿ ತಗ್ಗಿಸಿ ಮಾತಾಡುತ್ತಿದ್ದ. ಯಾಕೆ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

‘ನಮ್ಮೂರಲ್ಲಿ ಎಲ್ಲರೂ ಒಟ್ಟಿಗೇ ಇದೀವಿ, ನಮಗೆ ಯಾಕೆ ಪೆರೇಡು?’ ಅಂತ ಊರಿನ ಗೆಳೆಯರು ಕೇಳುತ್ತಾರೆ. ಒಟ್ಟಿಗೆ ಇರುವುದು ನಿಜ. ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬಂದರೆ ನಮ್ಮ ಬೀದಿಯಲ್ಲಿ ಯಾರ ಮನೆಗೆ ಯಾರು ಊಟಕ್ಕೆ ಹೋದರು ಅಂತ ಲೆಕ್ಕವೇ ಇರುತ್ತಿರಲಿಲ್ಲ. ಅಷ್ಟು ಸಲೀಸು ಇಲ್ಲಿ ಬರುವುದಿಲ್ಲ, ಇಲ್ಲಿ ಮೆರವಣಿಗೆ ಮುಗಿದರೆ ಎಲ್ಲರೂ ಅವರವರ ರೂಮಿಗೆ. ಆದರೆ ಎದುರಿಗೇ ಇದ್ದವರನ್ನು ‘ಇದೇನು?’ ಅಂತ ಕೇಳುವ ರೂಢಿ ನಮಗೆ ಕಡಿಮೆ. ಗೊತ್ತಿದೆ ಅಂದುಕೊಂಡು ಸುಮ್ನೆ ಇದ್ದುಬಿಡುತ್ತೇವೆ.

ಹೋದ ಬೇಸಿಗೆ ಊರಿಗೆ ಹೋದಾಗ ಅದೇ ಗೆಳೆಯ ಸಿಕ್ಕ. ಬೆಣ್ಣೆ ದೋಸೆ ಮುಂದಿಟ್ಟುಕೊಂಡು ಕೂತಿದ್ದೆವು. ‘ನಿಮ್ಮ ಭಾಷೇಲಿ ರೊಟ್ಟಿಗೆ ಏನಂತಾರೆ?’ ಅಂದೆ. ಅವನು ದೋಸೆ ಮುರಿಯುವುದು ನಿಲ್ಲಿಸಿ ನನ್ನನ್ನೇ ನೋಡಿದ.

‘ಬಾಟಿ. ನಾಲ್ಕು ವರ್ಷ ಒಂದೇ ರೂಮಲ್ಲಿ ಇದ್ವಲ್ಲೋ, ನಮ್ಮವ್ವ ಕಳಿಸಿದ್ದು ಅಷ್ಟು ತಿಂದಿದೀಯ’ ಅಂದ. ಆಮೇಲೆ ತಾನೇ ಶುರು ಮಾಡಿದ. ಅವನ ಅಜ್ಜಿಯ ಲಂಗಕ್ಕೆ ಫೇಟಿಯಾ ಅನ್ನುತ್ತಾರಂತೆ. ಟ್ರಂಕಿನಲ್ಲಿ ಇನ್ನೂ ಇದೆಯಂತೆ. ಕನ್ನಡಿ ಒಂದೂ ಉದುರಿಲ್ಲವಂತೆ.