ಮಾರಿದವಳು ಎಂದು ನಕ್ಕವರಿಗೆ

ನಿನ್ನೆಯಿಂದ ಮನಸ್ಸು ಕುದೀತಿದೆ. ಬರೆದುಬಿಡ್ತೀನಿ.

ಜರ್ಮನಿಯ ಬಾಟ್ ಕಿಸ್ಸಿಂಗನ್ ಹತ್ತಿರ ಫ್ರಾವೆನ್‌ರೋತ್ ಅನ್ನೋ ಪುಟ್ಟ ಊರಿದೆ. ಅಲ್ಲಿನ ಚರ್ಚಿನಲ್ಲಿ ಗಂಡಹೆಂಡಿರ ಎರಡು ಕಲ್ಲಿನ ಮೂರ್ತಿಗಳಿವೆ: ಬೋಟನ್‌ಲಾಬನ್‌ನ ಓಟ್ಟೋ, ಅವನ ಹೆಂಡತಿ ಬೆಯಾಟ್ರಿಕ್ಸ್. ಅವನು ಹದಿಮೂರನೇ ಶತಮಾನದಲ್ಲಿ ಪ್ರೇಮಗೀತೆಗಳನ್ನು ಕಟ್ಟಿದ ಕವಿ. ಅವಳು ಕೂರ್ಟನೆ ಮನೆತನದ ಮಗಳು, ಜೆರುಸಲೇಮಿನ ಕಡೆಯಿಂದ ಬಂದವಳು. ಅವಳ ಮೂರ್ತಿಯ ಉಡುಪಿನ ನೆರಿಗೆಗಳನ್ನು ನೋಡ್ತಾ ನಿಂತಿದ್ದೆ. ಪಕ್ಕದಲ್ಲಿ ಒಂದು ತಂಡಕ್ಕೆ ವಿವರಿಸುತ್ತಿದ್ದವರೊಬ್ಬರು, "ಇವಳಪ್ಪ ಎಡೆಸ್ಸಾದ ಕೌಂಟ್. ಎಡೆಸ್ಸಾ ಕೈಬಿಟ್ಟು ಎಷ್ಟೋ ಕಾಲವಾಗಿತ್ತು. ಖಾಲಿ ಬಿರುದು. ಉಳಿದ ಜಮೀನನ್ನು ಇವಳೂ ಗಂಡನೂ ಸೇರಿ ಮಾರಿ ಇಲ್ಲಿಗೆ ಬಂದರು" ಅಂದರು. ಎಲ್ಲರೂ ನಕ್ಕರು.

ಯಾಕೆ ನಗು?

ಎಡೆಸ್ಸಾ ಅಂದರೆ ಇವತ್ತಿನ ಟರ್ಕಿಯ ಉರ್ಫಾ. ಕ್ರುಸೇಡ್ ಅನ್ನೋ ಧರ್ಮಯುದ್ಧಕ್ಕೆ ಯೂರೋಪಿನಿಂದ ಬಂದ ಕ್ರೈಸ್ತರು ಅಲ್ಲೂ ಜೆರುಸಲೇಮಿನಲ್ಲೂ ತಮ್ಮ ರಾಜ್ಯಗಳನ್ನು ಕಟ್ಟಿಕೊಂಡಿದ್ದರು; ಎಡೆಸ್ಸಾದ ಒಡೆಯನಿಗೆ ಕೌಂಟ್ ಅನ್ನೋ ಬಿರುದು. 1144ರ ಡಿಸೆಂಬರಿನಲ್ಲಿ ಅಲೆಪ್ಪೋದ ಮುಸ್ಲಿಂ ದೊರೆ ಜೆಂಗಿ ಅದನ್ನು ಗೆದ್ದ. ಕೌಂಟ್ ಎರಡನೇ ಜೋಸ್ಲಿನ್ 1150ರಲ್ಲಿ ಸೆರೆಸಿಕ್ಕ. ಅವನ ಕಣ್ಣು ಕೀಳಿಸಿದರು. 1159ರಲ್ಲಿ ಅಲೆಪ್ಪೋದ ಸೆರೆಯಲ್ಲೇ ಸತ್ತ. ಅವನು ಸೆರೆಸಿಕ್ಕಾಗ ಉಳಿದ ಕೋಟೆಗಳ ಹೊಣೆ ಬಿದ್ದದ್ದು ಅವನ ಹೆಂಡತಿ ಬೆಯಾಟ್ರಿಸ್ ಮೇಲೆ. ಟರ್ಬೆಸೆಲ್ ಕೋಟೆಯನ್ನು ಅವಳು ಶತ್ರುಗಳಿಗೆ ಬಿಡದೆ ಕಾಪಾಡಿದಳು. ಇನ್ನು ತಡೆಯೋಕಾಗಲ್ಲ ಅನ್ನಿಸಿದಾಗ ಬೈಜಾಂಟಿಯಂ ಚಕ್ರವರ್ತಿ ಮ್ಯಾನ್ಯುಯೆಲ್‌ಗೆ ಮಾರಿದಳು, ತನಗೂ ಮಕ್ಕಳಿಗೂ ವರ್ಷಾಶನ ಗೊತ್ತುಮಾಡಿಕೊಂಡು. ಚಕ್ರವರ್ತಿಯ ಸೈನ್ಯಕ್ಕೆ ಆ ಕೋಟೆಗಳನ್ನು ಒಂದು ವರ್ಷದಾಚೆಗೆ ಉಳಿಸಿಕೊಳ್ಳೋಕಾಗಲಿಲ್ಲ. ಆದರೆ ಕಳೆದವಳು ಅನ್ನೋ ಹೆಸರು ಯಾರಿಗೆ? ಅವಳಿಗೆ.

ಆ ಅಜ್ಜಿಯ ಮೊಮ್ಮಗಳೇ ಈ ಕಲ್ಲಿನ ಬೆಯಾಟ್ರಿಕ್ಸ್. ಅಪ್ಪ ಮೂರನೇ ಜೋಸ್ಲಿನ್‌ಗೆ ಎಡೆಸ್ಸಾ ಹೆಸರಿಗೆ ಮಾತ್ರ ಬಂತು. ಹನ್ನೆರಡು ವರ್ಷದಷ್ಟು ಸೆರೆಯಲ್ಲಿದ್ದು ಬಿಡಿಸಿಕೊಂಡು ಬಂದು, ಜೆರುಸಲೇಮ್ ರಾಜ್ಯದ ಬಂದರು ಆಕ್ರೆಯ ಸುತ್ತ ತುಂಡುತುಂಡಾಗಿ ಜಮೀನು ಕೂಡಿಸಿದ. 1187ರಲ್ಲಿ ಹತ್ತೀನ್ ಕದನದಲ್ಲಿ ಸುಲ್ತಾನ ಸಲಾದೀನನಿಗೆ ಸೋತಮೇಲೆ ಅದೂ ಹೋಯಿತು. ಆಮೇಲೆ ಮರಳಿ ಸಿಕ್ಕಷ್ಟು ನೆಲ, ಉಳಿದದ್ದಕ್ಕೆ ಬರೀ ಹಕ್ಕು. 1220ರಲ್ಲಿ ಗಂಡಹೆಂಡತಿ ಅದನ್ನು 7,000 ಮಾರ್ಕ್ ಬೆಳ್ಳಿಗೆ ಟ್ಯೂಟನಿಕ್ ಪಂಗಡಕ್ಕೆ, ಅಂದರೆ ಜರ್ಮನ್ ಯೋಧ-ಸನ್ಯಾಸಿಗಳ ಸಂಘಕ್ಕೆ ಕೊಟ್ಟರು. ಕೊಂಡವರು ಅಲ್ಲಿ ಮಾಂಟ್‌ಫೋರ್ಟ್ ಕೋಟೆ ಕಟ್ಟಿಸಿಕೊಂಡರು. ಅವರನ್ನು ಇತಿಹಾಸ ದೂರದೃಷ್ಟಿಯುಳ್ಳವರು ಅಂತ ಹೊಗಳುತ್ತೆ.

ನನ್ನ ಸಿಟ್ಟು ಇದೇ. 1277ರಲ್ಲಿ ಆಂಟಿಯೋಕಿನ ಮರಿಯಾ ಜೆರುಸಲೇಮ್ ಸಿಂಹಾಸನದ ಮೇಲಿನ ತನ್ನ ಹಕ್ಕನ್ನು ಸಿಸಿಲಿ, ನೇಪಲ್ಸ್ ದೊರೆ ಅಂಜೂವಿನ ಚಾರ್ಲ್ಸ್‌ಗೆ ಮಾರಿದಳು. 1,000 ಬೆಜಾಂಟ್ ಚಿನ್ನದ ನಾಣ್ಯ, ಜೊತೆಗೆ ವರ್ಷಕ್ಕೆ 4,000 ಲಿವ್ರ್ ಫ್ರೆಂಚ್ ಹಣ. ಹದಿನಾಲ್ಕು ವರ್ಷಕ್ಕೆ ಆಕ್ರೆಯೇ ಬಿತ್ತು, ಆ ರಾಜ್ಯಕ್ಕೆ ಹಿಡಿ ಮಣ್ಣೂ ಉಳಿಯಲಿಲ್ಲ. ಆದರೂ ನೇಪಲ್ಸ್ ದೊರೆಗಳು ಆ ಬಿರುದು ಹೊತ್ತು ಮೆರೆದರು, ಅವರಿಂದ ಅದು ಸ್ಪೇನಿನ ಅರಸರಿಗೆ ಹೋಯಿತು. ಇವತ್ತಿಗೂ ಸ್ಪೇನಿನ ರಾಜನ ಸಾಂಪ್ರದಾಯಿಕ ಬಿರುದುಗಳಲ್ಲಿ ಜೆರುಸಲೇಮಿನ ರಾಜ ಅನ್ನೋದಿದೆ. ಅದನ್ನು ಕೇಳಿ ಯಾರೂ ನಗಲ್ಲ. ಪರಂಪರೆ ಅಂತಾರೆ. ನೆಲವಿಲ್ಲದ ಬಿರುದು ಅರಮನೆಯಲ್ಲಿದ್ದರೆ ಪರಂಪರೆ, ಊರು ಬಿಟ್ಟು ಬಂದ ಹೆಣ್ಣಿನ ಹತ್ತಿರವಿದ್ದರೆ ಖಾಲಿಯಾ?

ಆ ನೆಲ ಅವರದ್ದೇ ಅಲ್ಲವಲ್ಲ ಅಂತ ಕೇಳ್ತೀರಿ, ಗೊತ್ತು. ಸರಿಯೇ. 1099ರಲ್ಲಿ ಕ್ರುಸೇಡಿನವರು ಜೆರುಸಲೇಮಿನಲ್ಲಿ ನಡೆಸಿದ ಕೊಲೆಗಳನ್ನು ನಾನು ಮರೆತಿಲ್ಲ. 1098ರಲ್ಲಿ ಎಡೆಸ್ಸಾದ ದೊರೆ ಥೋರೋಸ್, ಮುಂದೆ ಅಲ್ಲಿನ ಮೊದಲ ಕೌಂಟ್ ಆದ ಬಾಲ್ಡ್ವಿನ್‌ನನ್ನು ದತ್ತು ತಗೊಂಡ ಕೆಲವೇ ವಾರಗಳಲ್ಲಿ ಕೊಲೆಯಾದದ್ದೂ ಗೊತ್ತು. ಆದರೆ ಆ ಲೆಕ್ಕ ಹಾಕುವವರು ಗೆದ್ದ ಬಾಲ್ಡ್ವಿನ್‌ನನ್ನು ಸಾಹಸಿ ಅಂತ ಕರೆದು, ಕೊನೆಯ ಪತ್ರಕ್ಕೆ ಮುದ್ರೆ ಒತ್ತಿದವಳನ್ನು ನೋಡಿ ನಗ್ತಾರೆ. ಅದನ್ನು ನಾನು ಒಪ್ಪಲ್ಲ.

ನನಗೆ ಯಾಕೆ ಇಷ್ಟು ನಾಟಿತು ಅಂದರೆ, ಅಮ್ಮ. ಅಪ್ಪ ಹೋದ ಎರಡನೇ ವರ್ಷ ಸಾಲಕ್ಕೆ ತೋಟ ಮಾರಲೇಬೇಕಾಯಿತು. ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟಿಗೆ ಹತ್ತಿದ ಶಾಯಿಯನ್ನು ಅಮ್ಮ ಸೆರಗಿನಲ್ಲಿ ತಿಕ್ಕಿ ತಿಕ್ಕಿ ಒರೆಸಿದಳು. ಹೋಗಲಿಲ್ಲ. ಸಾಲ ಮಾಡಿದ್ದು ಅವಳಲ್ಲ. ಆದರೂ ಇವತ್ತಿಗೂ ನೆಂಟರ ಮನೆಯ ಮದುವೆಗಳಲ್ಲಿ "ತೋಟ ಮಾರಿದೋಳು" ಅಂದರೆ ನನ್ನಮ್ಮನೇ. ನಾನು ಇದನ್ನು ಇಲ್ಲಿ ಹಿಂದೆಂದೂ ಬರೆದಿರಲಿಲ್ಲ.

ಆ ತಂಡ ಹೊರಗೆ ಹೋದಮೇಲೆ ಚರ್ಚಿನಲ್ಲಿ ನಾನೊಬ್ಬಳೇ. 1231ರಲ್ಲಿ ಗಂಡಹೆಂಡತಿ ಅಲ್ಲಿ ಸನ್ಯಾಸಿನಿಯರಿಗಾಗಿ ಮಠ ಕಟ್ಟಿಸಿದರು, ಮೂರು ವರ್ಷ ಬಿಟ್ಟು ಬೋಟನ್‌ಲಾಬನ್ ಕೋಟೆಯನ್ನೂ ವ್ಯೂರ್ತ್ಸ್‌ಬುರ್ಗ್ ಬಿಷಪ್‌ಗೆ ಮಾರಿದರು. ಅವಳ ಮುಸುಕು ಗಾಳಿಗೆ ಹಾರಿ ಬಿದ್ದ ಜಾಗದಲ್ಲೇ ಮಠ ಕಟ್ಟಿದರು ಅಂತ ಸುತ್ತಲಿನ ಜನ ಇವತ್ತಿಗೂ ಕತೆ ಹೇಳ್ತಾರೆ.

ಮೇ ತಿಂಗಳಲ್ಲಿ ಅಮ್ಮ ಇಲ್ಲಿಗೆ ಬರ್ತಾಳೆ. ಬಸ್ಸು ಕಾಯಿಸೋದು ಬೇಡ, ಕಾರಿನಲ್ಲೇ ಕರ್ಕೊಂಡು ಹೋಗ್ತೀನಿ. ಆ ಕಲ್ಲಿನ ಹತ್ತಿರ ನಿಲ್ಲಿಸಿ, ಇವಳು ಯಾರು ಅಂತ ನಾನೇ ಹೇಳ್ತೀನಿ.